ಕಾರಿನ ಡಿಕ್ಕಿಯಲ್ಲಿದ್ದ ಕಲ್ಲು

ಇವತ್ತಿನ ಪ್ರವಚನದಲ್ಲಿ ಬೆಳಕಿನ ಮಾತು ನಡೆಯುತ್ತಿತ್ತು. ಬೆಳಕು ಬೇಕು ಎನ್ನುವುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಅದು ಎಲ್ಲಿ ಬೀಳಬೇಕು? ಇದನ್ನು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ. ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಕೂತ ತಾಯಂದಿರು ಸ್ವಲ್ಪ ಮುಂದೆ ಬನ್ನಿ, ಇದು ನೀವು ಮನೆಗೆ ಹೋಗಿ ಮತ್ತೊಮ್ಮೆ ಹೇಳಬೇಕಾದ ಕಥೆ.

ಒಂದೂರಿನಲ್ಲಿ ಒಬ್ಬ ಸಾಹುಕಾರ ಇದ್ದ. ಯಾವ ಊರು ಎಂದು ಕೇಳಬೇಡಿ. ಊರು ಹೇಳಿದರೆ ಸಾಹುಕಾರ ಯಾರೆಂದು ಗೊತ್ತಾಗುತ್ತದೆ, ಆಮೇಲೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕಾಗುತ್ತದೆ.

ಸಾಹುಕಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ದಾನಿ. ಬಸ್ ನಿಲ್ದಾಣದ ಬೆಂಚು ಅವನದು, ಶಾಲೆಯ ನೀರಿನ ತೊಟ್ಟಿ ಅವನದು, ಸ್ಮಶಾನದ ತಗಡಿನ ಚಾವಣಿಯೂ ಅವನದೇ. ಕೊಟ್ಟದ್ದಕ್ಕೆಲ್ಲ ಕರಿಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದ. ನೋಡಿ, ಬೆಂಚಿನ ಮೇಲೆ ಕೂತವರ ಬೆನ್ನಿಗೆ ಅವನ ಹೆಸರು ಒತ್ತುತ್ತಿತ್ತು. ತೊಟ್ಟಿಯಲ್ಲಿ ನೀರು ಇರದ ದಿನವೂ ಹೆಸರು ಇರುತ್ತಿತ್ತು. ಮಣ್ಣಿಗೆ ಹೋದವರು ಸತ್ತವನನ್ನು ಮರೆತರೂ ಇವನ ಹೆಸರು ಓದಿಕೊಂಡು ಮನೆಗೆ ಬರುತ್ತಿದ್ದರು.

ಒಮ್ಮೆ ಹೀಗಾಯಿತು. ದಾಸೋಹದ ಅಡುಗೆಮನೆ ಕಟ್ಟಿಸಲು ಸಾಹುಕಾರ ಕೈಬಿಚ್ಚಿ ಕೊಟ್ಟ. ಉದ್ಘಾಟನೆಯ ದಿನ ಅವನ ಕಲ್ಲು ಬರುವುದು ತಡವಾಯಿತು. ಬರೀ ಒಂದು ಕಿಟಕಿ ಕೊಟ್ಟ ಇನ್ನೊಬ್ಬ ಮಹಾನುಭಾವ ತನ್ನ ಕಲ್ಲನ್ನು ಬಗಲಲ್ಲಿಟ್ಟುಕೊಂಡೇ ಬಂದಿದ್ದ. ಬಾಗಿಲ ಮೇಲೆ ಕಿಟಕಿಯವನ ಹೆಸರು ಕೂತುಬಿಟ್ಟಿತು. ಅವತ್ತು ಸಾಹುಕಾರನಿಗೆ ಪ್ರಸಾದದ ಹುಗ್ಗಿ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನವೇ ಒಂದು ಯುಕ್ತಿ ಮಾಡಿದ. ಕಲ್ಲು ಕೆತ್ತುವವರ ಬಳಿ ಹೋಗಿ ಒಂದಿಷ್ಟು ಕಲ್ಲು ಮೊದಲೇ ಮಾಡಿಸಿಟ್ಟುಕೊಂಡ. ಮೇಲೆ ‘ದಾನಿಗಳು’ ಎಂದು, ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು, ಅದರ ಕೆಳಗೆ ಖಾಲಿ ಜಾಗ. ಏನು ಕೊಟ್ಟದ್ದು? ಅದು ಆಮೇಲೆ. ಕೊಡುವ ವಸ್ತು ಇನ್ನೂ ಹುಟ್ಟಿರಲಿಲ್ಲ, ಕೊಟ್ಟವನ ಹೆಸರು ಹುಟ್ಟಿಬಿಟ್ಟಿತ್ತು. ಆ ಕಲ್ಲುಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡ. ಯಾವ ಊರಿನಲ್ಲಿ ಯಾವಾಗ ಬೇಕಾಗುತ್ತದೋ ಯಾರಿಗೆ ಗೊತ್ತು?

ಕಾರು ಅವನೇ ಓಡಿಸುತ್ತಿದ್ದ. ಡ್ರೈವರ್ ಇಟ್ಟುಕೊಂಡು ಹಿಂದೆ ಕೂತರೆ ಜನರಿಗೆ ಮುಖ ಕಾಣುವುದಿಲ್ಲವಲ್ಲ.

ಈಗ ನೋಡಿ, ನಿಮಗೆಲ್ಲ ಗೊತ್ತಿರುವ ವಿಷಯ. ಎತ್ತಿನ ಗಾಡಿಯ ಹಿಂದೆ ಭಾರ ಹೆಚ್ಚಾದರೆ ಏನಾಗುತ್ತದೆ? ನೊಗ ಕಟ್ಟುವ ಮೂಕಿ ಮೇಲೇಳುತ್ತದೆ. ಕಾರಿಗೂ ಅಷ್ಟೆ. ಹಿಂಭಾಗ ಕುಸಿಯಿತು, ಮೂತಿ ಮೇಲೆದ್ದಿತು. ಮೂತಿಯಲ್ಲಿದ್ದ ಹೆಡ್‌ಲೈಟೂ ಮೇಲೆ ನೋಡತೊಡಗಿತು. ರಸ್ತೆಗೆ ಬೀಳಬೇಕಾದ ಬೆಳಕು ಬೇವಿನ ಗಿಡದ ತುದಿಗೆ ಬಿತ್ತು, ಕರೆಂಟಿನ ತಂತಿಗೆ ಬಿತ್ತು. ಗೂಡು ಸೇರಿದ ಕಾಗೆಗಳು ಬೆಳಗಾಯಿತೆಂದು ಎದ್ದು ಕೂಗಿದವು. ಕಾರಿನ ಮುಂದಿನ ನೆಲ ಮಾತ್ರ ಕತ್ತಲು.

ಆದರೆ ಸಾಹುಕಾರನಿಗೆ ಇದರಲ್ಲಿ ಒಂದು ಸುಖ ಸಿಕ್ಕಿತು. ಊರಿನ ಬಾಯಿಗೆ ಒಂದು ಸ್ವಾಗತ ಕಮಾನು ಇತ್ತು. ಅದೂ ಅವನ ದಾನವೇ. ಮೊದಲು ಸಂಜೆಯಾದರೆ ಕಮಾನಿನ ಅಕ್ಷರ ಕಾಣುತ್ತಿರಲಿಲ್ಲ. ಈಗ ಅಷ್ಟು ದೂರದಿಂದಲೇ ಬೆಳಕು ನೇರ ಹೋಗಿ ಅವನ ಹೆಸರಿನ ಮೇಲೆ ಬೀಳುತ್ತಿತ್ತು. ಕತ್ತಲಲ್ಲಿ ಇಡೀ ಊರಿನಲ್ಲಿ ಕಾಣುವುದು ಅದೊಂದೇ. ನೋಡುತ್ತ ನೋಡುತ್ತ ಅವನಿಗೆ ಎದೆ ತುಂಬಿ ಬರುತ್ತಿತ್ತು.

ಇನ್ನೊಂದು ಸುಖವೂ ಇತ್ತು. ಎದುರಿನಿಂದ ಬರುವ ಗಾಡಿಯವರು ಇವನ ಕಾರು ಕಂಡ ಕೂಡಲೇ ಲೈಟು ಆರಿಸಿ ಹಚ್ಚಿ, ಆರಿಸಿ ಹಚ್ಚಿ ಮಾಡುತ್ತಿದ್ದರು. ಅದು ಏನು? ನಿಮಗೆ ಗೊತ್ತು. ‘ನಿನ್ನ ಬೆಳಕು ನಮ್ಮ ಕಣ್ಣಿಗೆ ಹೊಡೆಯುತ್ತಿದೆ, ಇಳಿಸು ಮಾರಾಯ’ ಎಂಬ ಮಾತು. ಕೆಲವರು ಇದಕ್ಕಿಂತ ಖಾರವಾದ ಮಾತನ್ನೂ ಸೇರಿಸಿರಬಹುದು, ಕಾರಿನ ಗಾಜು ಏರಿಸಿದ್ದರಿಂದ ಕೇಳಿಸಲಿಲ್ಲ. ಸಾಹುಕಾರ ಏನೆಂದುಕೊಂಡ? ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡ. ಗುರುತು ಹಿಡಿದು ಗೌರವ ತೋರಿಸುತ್ತಿದ್ದಾರೆ ಎಂದುಕೊಂಡ. ಸ್ಟೇರಿಂಗಿನಿಂದ ಒಂದು ಕೈ ತೆಗೆದು, ಗಂಭೀರವಾಗಿ ಮೇಲೆತ್ತಿ, ಇರಲಿ ಇರಲಿ ಎನ್ನುವಂತೆ ತೋರಿಸಿ ಮುಂದೆ ಹೋಗುತ್ತಿದ್ದ.

ಅವನ ಹೆಂಡತಿಗೆ ಮಾತ್ರ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಕಾರಣ ಇತ್ತು. ಅವರಿಗೆ ಒಬ್ಬಳೇ ಮಗಳು. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹತ್ತನೆಯ ಇಯತ್ತೆಯ ಮಕ್ಕಳಿಗೆ ಸಂಜೆ ಪಾಠ ಹೇಳಿ, ದೀಪ ಹಚ್ಚುವ ಹೊತ್ತಿಗೆ ಸ್ಕೂಟಿಯ ಮೇಲೆ ಅದೇ ರಸ್ತೆಯಲ್ಲಿ ಮನೆಗೆ ಬರುತ್ತಿದ್ದಳು. ಸಾಹುಕಾರ ಸಭೆ ಸಮಾರಂಭಕ್ಕೆ ಹೊರಡುವುದೂ ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ.

ಒಂದು ಸಂಜೆ ಕಾರು ರಸ್ತೆಯ ಹಂಪಿನ ಮೇಲೆ ಹಾರಿ ಬಿದ್ದು, ಹೆಂಡತಿಯ ತಲೆ ಮೇಲಿನ ತಗಡಿಗೆ ಬಡಿಯಿತು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: “ಆ ಕಲ್ಲು ಇಳಸ್ರಿ. ಮುಂದಿನ ದಾರಿನ ಕಾಣವಲ್ದು.”

“ನಿನಗ ತಿಳ್ಯಾಂಗಿಲ್ಲ, ಸುಮ್ನ ಕುಂಡ್ರು. ಗಾಡಿ ಹೊಡಿಯೋರಿಗೆ ದೂರದ್ದು ಕಾಣಬೇಕು.”

“ದೂರದ್ದು ಅಂದ್ರ ನಿಮ್ಮ ಹೆಸರು ಕಾಣತೈತಿ. ಹಂಪ್ ಕಾಣಲಿಲ್ಲ.”

“ಅದಕ್ಕ ಬಿಳಿ ಬಣ್ಣ ಬಳದಿಲ್ಲ ಅವರು.”

“ಬಳದಾರ. ಬೆಳಕು ಬಿದ್ರ ಕಾಣತೈತಿ.” ಆಕೆ ಮತ್ತೆ ಹೇಳಿದಳು: “ದಿನಾ ಇದ ಹೊತ್ತಿಗೆ ಮಗಳು ಎದುರಿಗೆ ಬರ್ತಾಳ. ನಿಮ್ಮ ಲೈಟ್ ಆಕಿ ಕಣ್ಣಿಗೆ ಹೊಡದ್ರ ಏನ್ ಮಾಡಬೇಕ್ರಿ ಆಕಿ?”

“ನಾ ಡಿಮ್ ಹಾಕ್ಕೊಂಡ ಹೋಗ್ತೀನಿ,” ಎಂದ ಸಾಹುಕಾರ. ಸುಳ್ಳಲ್ಲ, ಡಿಮ್ಮೇ ಹಾಕಿದ್ದ. ಆದರೆ ಮೂತಿ ಎತ್ತಿದ ಗಾಡಿಯಲ್ಲಿ ಡಿಮ್ ಹಾಕಿದರೂ ಬೆಳಕು ಹೋಗುವುದು ಎದುರಿನವರ ಕಣ್ಣಿಗೇ.

ಹೆಂಡತಿಯ ಕಾಟಕ್ಕೆ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎದುರಿನ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿದ. “ಹಿಂದ ಏನರ ಭಾರ ಐತೇನ್ರಿ ಸಾವಕಾರ್ರ?” ಎಂದು ಕೇಳಿದ. ಸಾಹುಕಾರನಿಗೆ ಡಿಕ್ಕಿ ತೆಗೆದು ತೋರಿಸಲು ನಾಚಿಕೆ. ಏನು ಕೊಟ್ಟಿದ್ದೀರಿ ಎಂದು ಕೇಳಿದರೆ ಖಾಲಿ ಜಾಗ ತೋರಿಸಬೇಕು. “ಏನಿಲ್ಲ,” ಎಂದ. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಬೆಳಕನ್ನು ಎಷ್ಟು ಬೇಕೋ ಅಷ್ಟು ಕೆಳಗಿಳಿಸಿ ಕಳಿಸಿದ.

ಅವತ್ತು ರಸ್ತೆ ಕಂಡಿತು. ಕಮಾನು ಕಾಣಲಿಲ್ಲ. ಸಾಹುಕಾರ ಮರುದಿನ ಮತ್ತೆ ಗ್ಯಾರೇಜಿನಲ್ಲಿ ಹಾಜರು.

“ಮೊದಲಿನಂಗ ಮ್ಯಾಲ ಮಾಡು. ಇನ್ನೊಂದೀಟು ಜೋರ ಇರೋ ಬಲ್ಬ್ ಹಾಕು.”

“ಎದುರಿನವರಿಗೆ ತ್ರಾಸ ಆಗತೈತ್ರಿ.”

“ಎದುರಿನವರದು ಎದುರಿನವರು ನೋಡ್ಕೋತಾರ.”

ಮೆಕ್ಯಾನಿಕ್ ಏನು ಮಾಡಿದ? ಇವನ ಬಾಯಿ ಮುಚ್ಚಿಸಿ ಕಳಿಸಿದನೆಂದುಕೊಂಡಿರಾ? ಇಲ್ಲ. ಅವನೂ ನಮ್ಮಂಥವನೇ. ಒಳ್ಳೆಯ ಗಿರಾಕಿ ಕೈತಪ್ಪಿ ಹೋದಾನೆಂದು ಸ್ಕ್ರೂವನ್ನು ಮೇಲಕ್ಕೆ ತಿರುಗಿಸಿ, ಬಲ್ಬನ್ನೂ ಬದಲಿಸಿಕೊಟ್ಟ. ಅವತ್ತು ಸಂಜೆಯೇ ಹೆಂಡತಿ, “ಆ ಕಲ್ಲು ಇಳಸೋ ತನಕಾ ನಾ ಈ ಗಾಡಿ ಹತ್ತಂಗಿಲ್ಲ,” ಎಂದು ಹೇಳಿ ಅಡುಗೆಮನೆಗೆ ಹೋದಳು. ಆಕೆ ಸುಮ್ಮನಾದಳಲ್ಲ ಎಂದು ಸಾಹುಕಾರನಿಗೆ ನೆಮ್ಮದಿಯಾಯಿತು.

ಕೆಲವು ದಿನ ಕಳೆದು ಪಕ್ಕದ ಊರಿನಲ್ಲಿ ಒಂದು ಸನ್ಮಾನ ಸಮಾರಂಭ. ಸಾಹುಕಾರನಿಗೆ ‘ದಾನಜ್ಯೋತಿ’ ಎಂಬ ಬಿರುದು ಕೊಡುವುದಿತ್ತು. ಇಸ್ತ್ರಿಯ ಪಂಚೆ ಉಟ್ಟು, ಒಬ್ಬನೇ ಕಾರು ಹತ್ತಿ ಹೊರಟ. ಹೊತ್ತು ಮುಳುಗಿತ್ತು. ದಾರಿಯುದ್ದಕ್ಕೂ ಭಾಷಣದ ಮೊದಲ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದ.

ಎದುರಿನಿಂದ ಒಂದು ಸಣ್ಣ ಬೆಳಕು ಬಂತು. ಆರಿತು, ಹತ್ತಿತು. ಮತ್ತೆ ಆರಿತು, ಮತ್ತೆ ಹತ್ತಿತು. ಸಾಹುಕಾರ ಕೈ ಎತ್ತಿದ. ಬಿರುದಿನ ದಿನವಲ್ಲವೇ, ಎಂದಿಗಿಂತ ಸ್ವಲ್ಪ ಹೆಚ್ಚೇ ಎತ್ತಿದ. ಅಷ್ಟರಲ್ಲಿ ಆ ಬೆಳಕು ಪಕ್ಕಕ್ಕೆ ಸರಿದು ಕಾಣದಾಯಿತು. ಯಾವುದೋ ಅಡ್ಡದಾರಿಗೆ ಹೊರಳಿರಬೇಕು ಎಂದುಕೊಂಡ. ಅಲ್ಲಿ ಅಡ್ಡದಾರಿ ಇರಲಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ರಸ್ತೆ, ಅಲ್ಲಿ ಅಡ್ಡದಾರಿ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಆಗ ನೆನಪಾದದ್ದು ಭಾಷಣದ ಎರಡನೆಯ ಮಾತು.

ವೇದಿಕೆಯ ಮೇಲೆ ಶಾಲು ಹೊದಿಸಿದರು, ಹಾರ ಹಾಕಿದರು. ಒಬ್ಬರು ಇವನ ಗುಣಗಾನ ಓದುತ್ತಿದ್ದರು. ಜೇಬಿನಲ್ಲಿ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಸಾಹುಕಾರ ಅದರ ಮೇಲೆ ಕೈ ಒತ್ತಿ ಹಿಡಿದು, ಗುಣಗಾನ ಮುಗಿಯುವ ತನಕ ಕಾದ. ಚಪ್ಪಾಳೆ ಆದ ಮೇಲೆ ಫೋನು ಎತ್ತಿದ.

“ಮಗಳು ಸ್ಕೂಟಿ ಮ್ಯಾಲಿಂದ ಬಿದ್ದಾಳ,” ಎಂದಳು ಹೆಂಡತಿ. “ದವಾಖಾನಿಗೆ ಬರ್ರಿ.”

ಶಾಲು ಹೊದ್ದುಕೊಂಡೇ ಓಡಿದ. ಮಗಳ ಬಲಗೈ ಮುರಿದಿತ್ತು, ಹುಬ್ಬಿನ ಮೇಲೆ ಹೊಲಿಗೆ ಬಿದ್ದಿತ್ತು. ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕಾಣದೆ ರಸ್ತೆ ಬದಿಯ ತಗ್ಗಿಗೆ ಬಿದ್ದವಳನ್ನು ಹೊಲದಿಂದ ಬರುತ್ತಿದ್ದವರು ಎತ್ತಿ ತಂದಿದ್ದರು. ಜೀವಕ್ಕೆ ಭಯವಿಲ್ಲ ಎಂದಿದ್ದರು ಡಾಕ್ಟರು. ಸಾಹುಕಾರ ಮಂಚದ ಪಕ್ಕ ಕೂತು, ಆ ಗಾಡಿ ಯಾರದು, ಎಂಥ ಮನುಷ್ಯ ಅವನು, ಪೊಲೀಸರಿಗೆ ಹೇಳಿ ಒಳಗೆ ಹಾಕಿಸುತ್ತೇನೆ ಎಂದು ಕೂಗಾಡತೊಡಗಿದ.

ಮಗಳು ಮೆಲ್ಲಗೆ ಹೇಳಿದಳು: “ಅಪ್ಪಾ, ನಾ ಲೈಟ್ ಆರಿಸಿ ಹಚ್ಚಿ ಹೇಳಿದ್ನಿ. ಮತ್ತ ಮತ್ತ ಹೇಳಿದ್ನಿ. ತಗ್ಗಸ್ತೀರಿ ಅಂದ್ಕೊಂಡಿದ್ನಿ.”

“ನಾ ಅಂತ ನಿನಗ ಹೆಂಗ ಗೊತ್ತಾತು?”

“ಬೇವಿನ ಗಿಡಕ್ಕ ಬೆಳಕು ಬಿಡೋ ಗಾಡಿ ಈ ದಾರ್ಯಾಗ ಒಂದ ಐತಿ.”

ಆ ಹುಡುಗಿಯ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಸಾಹುಕಾರನಿಗೆ ತಾನು ಎತ್ತಿದ ಕೈ ನೆನಪಾಯಿತು. ಕಣ್ಣು ಕಾಣದೆ ತಗ್ಗಿಗೆ ಹೋಗುತ್ತಿದ್ದ ಮಗಳಿಗೆ, ಇರಲಿ ಇರಲಿ ಎಂದು ಆಶೀರ್ವಾದ ಮಾಡಿ ಹೋಗಿದ್ದ ಅವನು. ಆ ಕೈಯನ್ನು ಶಾಲಿನೊಳಗೆ ಎಳೆದುಕೊಂಡ.

ಆದರೆ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? ಬಿಡುವುದಿಲ್ಲ. ಕಣ್ಣೀರು ಒರೆಸಿಕೊಂಡು ಸಾಹುಕಾರ ಹೇಳಿದ: “ಆ ಜಾಗದಾಗ ಒಂದು ಲೈಟಿನ ಕಂಬ ಹಾಕಸ್ತೀನಿ, ನನ್ನ ಖರ್ಚಿನಾಗ.”

ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಆ ಕಂಬಕ್ಕೆ ಹಚ್ಚುವ ಕಲ್ಲು ಎಲ್ಲಿದೆ ಎಂದು ಆಕೆಗೆ ಗೊತ್ತಿತ್ತು. “ಕಂಬ ಬ್ಯಾಡ್ರಿ,” ಎಂದಳು. “ಡಿಕ್ಕ್ಯಾಗಿನ ಕಲ್ಲು ಇಳಸ್ರಿ.”

ಬೆಳಗಾದ ಮೇಲೆ ತಾನೇ ಇಳಿಸಿದ. ಒಂದೊಂದೂ ಬೆನ್ನು ಮುರಿಯುವ ಭಾರ. ಇಷ್ಟು ದಿನ ಇದನ್ನೆಲ್ಲ ಹೊತ್ತು ತಿರುಗಿದೆನೇ ಎಂದು ಅವನಿಗೇ ಬೇಸರವಾಯಿತು. ಹೆಂಡತಿ ಆ ಕಲ್ಲುಗಳನ್ನು ಹೆಸರು ಕೆಳಗಾಗುವಂತೆ ಮಗುಚಿಸಿ, ಬಚ್ಚಲ ಮುಂದೆ ಬಟ್ಟೆ ಒಗೆಯಲು ಹಾಕಿಸಿಕೊಂಡಳು. ಸಾಹುಕಾರ ಕೊಟ್ಟ ವಸ್ತುಗಳಲ್ಲಿ ದಿನವೂ ಉಪಯೋಗಕ್ಕೆ ಬಂದದ್ದು ಅದೇ ಎನ್ನುತ್ತಾರೆ. ಆಮೇಲೆ ಗ್ಯಾರೇಜಿಗೆ ಹೋಗಿ, ಗೋಡೆಯ ಮುಂದೆ ಗಾಡಿ ನಿಲ್ಲಿಸಿ, ಹಳೆಯ ಬಲ್ಬನ್ನೇ ಹಾಕಿಸಿ, ಬೆಳಕು ಇಳಿಸಿಕೊಂಡು ಬಂದ.

ಅವತ್ತು ಸಂಜೆ ಮಗಳಿಗೆ ಊಟ ತೆಗೆದುಕೊಂಡು ಗಂಡ ಹೆಂಡತಿ ದವಾಖಾನೆಗೆ ಹೊರಟರು. ಬೆಳಕು ರಸ್ತೆಗೆ ಬಿತ್ತು. ಕಮಾನು ಬಂತು, ಹೋಯಿತು. ರಸ್ತೆಯ ಅಂಚಿನಲ್ಲಿ ಕಾಲುಗಳು ಕಂಡವು. ಮೇವಿನ ಹೊರೆ ಹೊತ್ತ ಹೆಂಗಸರು, ಸೈಕಲ್ ತಳ್ಳಿಕೊಂಡು ಹೋಗುವ ಮುದುಕ, ಕುರಿ ಹೊಡೆದುಕೊಂಡು ಬರುವವರು, ಕೂಸನ್ನು ಬಗಲಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ ತಾಯಿ. ಸಾಹುಕಾರ ಗಾಡಿಯ ವೇಗ ತಗ್ಗಿಸಿದ.

“ಇಷ್ಟು ಮಂದಿ ಈ ದಾರ್ಯಾಗ ನಡಕೋತ ಹೋಗ್ತಾರೇನು?”

“ದಿನಾ ಹೋಗ್ತಾರ್ರಿ,” ಎಂದಳು ಹೆಂಡತಿ.

ಇಷ್ಟೇ ಕಥೆ. ಈಗ ನಕ್ಕದ್ದು ಸಾಕು. ಸಾಹುಕಾರನನ್ನು ಬಿಟ್ಟುಬಿಡಿ, ಅವನು ಕಲ್ಲು ಇಳಿಸಿದ. ನಮ್ಮ ಮಾತೇನು?

ನಾನು ಒಳಗೆ ಬರುವಾಗ ಹೊರಗೆ ನಿಂತ ಗಾಡಿಗಳನ್ನು ನೋಡಿದೆ. ಕೆಲವು ಹಿಂದಕ್ಕೆ ಕೂತಿವೆ, ಕೆಲವು ಆಕಾಶ ನೋಡುತ್ತಿವೆ. ಮೊದಲು ಅದನ್ನು ಸರಿಮಾಡಿ. ನಾಳೆ ಡಿಕ್ಕಿ ಖಾಲಿ ಮಾಡಿ, ಚಕ್ರದ ಗಾಳಿ ನೋಡಿಸಿ, ಸಮನೆಲದಲ್ಲಿ ಗೋಡೆಯೆದುರು ಗಾಡಿ ನಿಲ್ಲಿಸಿ ಡಿಮ್ ಹಚ್ಚಿ. ಲೈಟು ಇರುವ ಎತ್ತರಕ್ಕಿಂತ ಬೆಳಕು ತುಸು ಕೆಳಗೆ ಬೀಳಬೇಕು. ಬೀಳದಿದ್ದರೆ ಗ್ಯಾರೇಜಿಗೆ ಹೋಗಿ ಇಳಿಸಿಕೊಳ್ಳಿ. ಹಿಂದೆ ಭಾರ ಹಾಕಿದ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಪ್ರವಚನದಲ್ಲಿ ಇದೆಲ್ಲ ಯಾಕೆ ಎನ್ನಬೇಡಿ. ದೇವರ ಹೆಸರು ಹೇಳಿ ಮನೆಗೆ ಹೋಗುವಾಗ ದಾರಿಯಲ್ಲಿ ಒಬ್ಬರ ಕಣ್ಣು ಕುಕ್ಕಿ ತಗ್ಗಿಗೆ ಕೆಡವಿದರೆ, ಇಲ್ಲಿ ಕೂತದ್ದಕ್ಕೆ ಏನು ಅರ್ಥ?

ಇನ್ನು ಮನೆಯ ಮಾತು. ನೀವು ಹೇಳಿದ್ದಕ್ಕೆ ಹೆಂಡತಿ ಸುಮ್ಮನಾದರೆ ಒಪ್ಪಿದಳು ಎಂದುಕೊಳ್ಳುತ್ತೀರಿ. ಸೊಸೆ ತಲೆ ತಗ್ಗಿಸಿದರೆ ಮರ್ಯಾದೆ ಎಂದುಕೊಳ್ಳುತ್ತೀರಿ. ಆಳು ಎದ್ದು ನಿಂತರೆ ಪ್ರೀತಿ ಎಂದುಕೊಳ್ಳುತ್ತೀರಿ. ಕೈ ಎತ್ತಿ ಮುಂದೆ ಹೋಗುತ್ತೀರಿ. ಇವತ್ತು ಒಬ್ಬರನ್ನಾದರೂ ನಿಲ್ಲಿಸಿ, ನನ್ನಿಂದ ನಿನಗೆ ಏನು ತ್ರಾಸಾಗುತ್ತಿದೆ ಎಂದು ಕೇಳಿ. ಅವರು ಹೇಳಿ ಮುಗಿಸುವ ತನಕ ನೀವು ಮಾತಾಡಬೇಡಿ. ಯಾರಿಗಾದರೂ ಏನಾದರೂ ಕೊಡುವುದಿದ್ದರೆ ಈ ವಾರ ಒಂದನ್ನು ಹೆಸರಿಲ್ಲದೆ ಕೊಡಿ. ಕೊಟ್ಟು ಮನೆಗೆ ಬಂದು ಯಾರಿಗೂ ಹೇಳದೆ ಊಟ ಮಾಡಿ. ಮೊದಲ ದಿನ ಊಟ ರುಚಿಸುವುದಿಲ್ಲ. ರೂಢಿಯಾಗುತ್ತದೆ.

ಈಗ ಎಲ್ಲರೂ ಗಾಡಿ ಹತ್ತಿ ಹೊರಡುತ್ತೀರಿ. ಎದುರಿನಿಂದ ಬರುವವರು ಯಾರೆಂದು ಕತ್ತಲಲ್ಲಿ ಗುರುತು ಹತ್ತುವುದಿಲ್ಲ. ನಿಮ್ಮ ಮಗಳೇ ಇರಬಹುದು. ಬೇರೆಯವರ ಮಗಳಿದ್ದರೂ ಅವಳಿಗೂ ಒಂದು ಮನೆ ಇದೆ, ಬಾಗಿಲಲ್ಲಿ ಕಾಯುವ ತಾಯಿ ಇದ್ದಾಳೆ. ಬೆಳಕು ತಗ್ಗಿಸಿಕೊಂಡು ನಿಧಾನವಾಗಿ ಹೋಗಿ. ಶರಣು.