ಒಣ ತಲೆಗೆ ಬಾಚಣಿಗೆ

...ಅಬ್ಬಾ, ಇವತ್ತೇನು ಇಷ್ಟು ಜಾಣೆ! ಅಲ್ಲಾಡ್ತಾನೇ ಇಲ್ವಲ್ಲ! ಮಿಸ್ ಅರ್ಜೆಲಾ, ನಾನು, ನಿಮ್ಮ ಲವಾನ್. ಮೂರು ದಿನ ರಜೆ ಹಾಕಿದ್ದೆ, ಅಷ್ಟರಲ್ಲೇ ಮರೆತ್ರಾ? ಮರೆವಿನ ವಾರ್ಡಲ್ಲಿ ಮರೆಯೋದು ಬಿಟ್ಟು ಇನ್ನೇನು ಕೆಲಸ ಅಂತೀರಾ? ನಗಿ ಸ್ವಲ್ಪ... ಬೇಡ್ವಾ? ಸರಿ ಬಿಡಿ.

ಅಯ್ಯಯ್ಯೋ, ಈ ಕೂದಲು! ಬರೀ ಗಂಟು. ಆ ಬಿಳಿ ನರ್ಸ್ ಹುಡುಗಿ ಟ್ರೇಸಿಗೇನು ಗೊತ್ತು ನಮ್ಮ ಕರಿಯರ ಕೂದಲು! ಎಣ್ಣೆ ಇಲ್ಲ, ನೀರಿಲ್ಲ, ಒಣ ತಲೆಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಬುಡದಿಂದ ಜಗ್ಗಿದ್ಲಂತೆ. ಮೇಕನ್ ಊರಿನ ಅರ್ಧ ಹೆಂಗಸರ ತಲೆ ಬಾಚಿದ ಕೈ ನಿಮ್ದು, ಸುಮ್ನಿರುತ್ತಾ? ಫಟಾರ್ ಅಂತ ಕೊಟ್ರಿ!

ನನಗೆ ಹೇಗೆ ಗೊತ್ತು ಅಂತೀರಾ? ಯಾರೋ... ಯಾರೋ ಹೇಳಿದ್ರು.

ಪಕ್ಕದ ಮಂಚದ ಮಿಸ್ ವಿನಿಫ್ರೆಡ್ ಹೋದ ವಾರ ಅದೇ ಟ್ರೇಸಿ ಕೈ ಕಚ್ಚಿದ್ರಲ್ಲ. "ಪಾಪ, ಎಲ್ಲೋ ನೋಯ್ತಿರಬೇಕು" ಅಂತ ನೋವಿನ ಮಾತ್ರೆ ಕೊಟ್ರು. ಬಿಳಿಯರಿಗೆ ನೋವು, ನಮಗೆ ಕೊಬ್ಬು! ನೀವು ಹೊಡೆದಿದ್ದಕ್ಕೆ "ಅಪಾಯದ ಹೆಂಗಸು" ಅಂತ ವರದಿ ಬರೆದು, ಮಂಕು ಬಡಿಸೋ ಮಾತ್ರೆ ಕೊಟ್ಟು, ಏಳೋಕಾಗದ ಹಾಗೆ ಕುರ್ಚಿಗೆ ಈ ಹಲಗೆ ಅಡ್ಡ ಹಾಕಿಬಿಟ್ಟಿದ್ದಾರೆ. ಬರೆದಿದ್ದು ಟ್ರೇಸಿ, ಇನ್ಯಾರು? ಏನು ಹಾಗೆ ನೋಡ್ತೀರಿ?

ತಾಳಿ, ಎಣ್ಣೆ ಹಚ್ಚಿ ತುದಿಯಿಂದ ಬಿಡಿಸ್ತಾ ಬರ್ತೀನಿ. ನೀವೇ ಕಲಿಸಿದ್ದು. ನಾನು ಚಿಕ್ಕವಳಿದ್ದಾಗ ಪ್ರತಿ ಶನಿವಾರ ನನ್ನ ಮೊಣಕಾಲ ಮಧ್ಯೆ ಕೂರಿಸ್ಕೊಂಡು ಜಡೆ ಹಾಕ್ತಿದ್ರಲ್ಲ... ಅಯ್ಯೋ, ಜಗ್ಗಿತಾ? ಇಲ್ವಾ? ಇಷ್ಟು ಎಳೆದ್ರೂ...? ಮಿಸ್ ಅರ್ಜೆಲಾ? ಕಣ್ಣಾದ್ರೂ ಮಿಟುಕಿಸಿ! ಜೊಲ್ಲು ಸುರೀತಿದೆ, ಒರೆಸ್ಕೊಳ್ಳೋದೂ ಇಲ್ಲ...

ಸರಿ, ಸರಿ, ಹೇಳ್ತೀನಿ! ಹಾಗೆ ನೋಡ್ಬೇಡಿ!

ಟ್ರೇಸಿ ಜಗ್ಗಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಎಲ್ಲಾ ನೋಡಿದೆ. "ನೀನೂ ಅವಳ ಜನಾನೇ, ಈ ವರದಿಗೆ ನೀನು ಸಹಿ ಹಾಕಿದ್ರೆ ಯಾರೂ ಪ್ರಶ್ನೆ ಮಾಡಲ್ಲ" ಅಂದ್ಲು ಹೆಡ್ ನರ್ಸ್. ಕೂದಲು ಜಗ್ಗಿದ್ದಕ್ಕೆ ಹೊಡೆದ್ರು ಅನ್ನೋ ಮಾತು ನಾಲಿಗೆ ತುದೀಲಿತ್ತು, ನುಂಗಿದೆ. ಸಹಿ ಹಾಕಿದೆ. ಕೆಲಸ ಹೋದ್ರೆ ನಾನೆಲ್ಲಿಗೆ ಹೋಗ್ಲಿ ಹೇಳಿ? ಮೂರು ದಿನ ಮನೇಲಿ ಕದ ಹಾಕ್ಕೊಂಡು ಕೂತಿದ್ದೆ, ನಿಮಗೆ ಮುಖ ತೋರಿಸೋಕಾಗದೆ.

ಬೈಯ್ರಿ ನನ್ನ. ಉಗೀರಿ...

ಇಗೋ, ಹಲಗೆ ತೆಗೆದೆ. ಎಣ್ಣೆ ಹಚ್ಚದ ಈ ಕಡೆ ನೋಡಿ, ಬುಡದಿಂದ ಜಗ್ತಾ ಇದೀನಿ, ಅವಳ ಹಾಗೇ. ನೋಯುತ್ತೆ ಅಲ್ವಾ? ನೋಯ್ಬೇಕಲ್ವಾ? ಕೈ ಎತ್ತಿ ಅಮ್ಮಾ... ಒಂದು ಸಲ ಹೊಡೀರಿ ನನಗೆ... ಒಂದೇ ಒಂದು ಸಲ...