ಕರುವಿನ ಹೊಟ್ಟೆಯೊಳಗಿನ ಹತ್ತಿ

ಹೇಳಿಕೆ ನೀಡಿದವರು: ಶ್ರೀಮತಿ ರಾಜಾಮಣಿ ಕೋಂ ರಾಮಲಿಂಗಂ, ವಯಸ್ಸು 39 ವರ್ಷ, ಕಸುಬು ಬಟ್ಟೆಗೊಂಬೆ ಹೊಲಿಯುವುದು, ವಾಸ ನೆಯ್ಗಾರರ ಬೀದಿ, ತಿರುಪ್ಪೂರು, ಕೋಯಮತ್ತೂರು ಜಿಲ್ಲೆ. ಹುಟ್ಟೂರು ಸಿರುಮುಗೈ. ಮನೆಮಾತು ಕನ್ನಡ, ಆದರೆ ಕನ್ನಡ ಓದಲು ಬರೆಯಲು ಬಾರದು. ತಮಿಳಿನಲ್ಲಿ ರುಜು ಮಾಡಬಲ್ಲೆ.

ಬೆಂಗಳೂರಿನಿಂದ ಬಂದ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದ್ದಕ್ಕೆ ಉತ್ತರವಾಗಿಯೂ, ಅವರು ಕೇಳದೆ ಬಿಟ್ಟದ್ದನ್ನು ನಾನಾಗಿಯೂ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡನೊಂದಿಗೆ ಹನ್ನೊಂದು ವರ್ಷಗಳಿಂದ ವಾಸವಿದ್ದೇನೆ. ಗಂಡ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದಾರೆ. ನಮ್ಮ ತಾಯಿಮನೆಯವರು ಮಗ್ಗದವರು. ಮದುವೆಗೆ ಮುಂಚೆ ನಾನೂ ಸೀರೆ ನೇಯುತ್ತಿದ್ದೆ. 1982ರಿಂದ ಮನೆಯಲ್ಲೇ ಬಟ್ಟೆಗೊಂಬೆ ಹೊಲಿಯುತ್ತಿದ್ದೇನೆ. ಮಾಡಿಟ್ಟು ಮಾರುವುದಿಲ್ಲ. ಯಾರಾದರೂ ಬಂದು ಇಂಥದ್ದು ಬೇಕು ಎಂದರೆ ಅಂಥದ್ದನ್ನೇ ಮಾಡಿಕೊಡುತ್ತೇನೆ. ಹೆಚ್ಚಿನವರು ತಮ್ಮ ಮನೆಯ ದನ, ನಾಯಿ, ಆಡಿನ ಹಾಗೆಯೇ ಇರಬೇಕೆಂದು ಕೇಳುತ್ತಾರೆ. ಒಂದು ಸಲ ಕಾಂಗೇಯದ ಎಣ್ಣೆ ಗಿರಣಿಯವರ ಮನೆಗೆ ಬಸ್ಸಿನಲ್ಲಿ ಹೋಗಿ, ಅವರ ಹೋರಿಯ ಕೊಂಬಿನ ಬಾಗನ್ನು ದಾರದಿಂದ ಅಳೆದುಕೊಂಡು ಬಂದಿದ್ದೇನೆ. ಹೋರಿ ನನ್ನ ಸೆರಗನ್ನು ಒಂದು ಗೇಣು ತಿಂದಿತು.

ನನ್ನ ಒಂದು ಕರುವಿಗೆ ಬೆಲೆ 65 ರೂಪಾಯಿ. ಪೇಟೆಯಲ್ಲಿ ಪ್ಲಾಸ್ಟಿಕ್ ಕರು ಎಂಟು ರೂಪಾಯಿಗೆ ಸಿಗುವಾಗ ಇದಕ್ಕೇಕೆ ಇಷ್ಟು ಎಂದು ಎಲ್ಲರೂ ಕೇಳುತ್ತಾರೆ. ಸಾಹೇಬರೂ ಕೇಳಿದರು. ಎಲ್ಲರಿಗೂ ಹೇಳಿದ್ದನ್ನೇ ಹೇಳುತ್ತೇನೆ. ತುಪ್ಪಳದಂಥ ಜೂಲು ಬಟ್ಟೆಗೆ 17 ರೂಪಾಯಿ, ದಾರ ಮುಂತಾದ್ದಕ್ಕೆ 3. ಬೂರುಗದ ಹತ್ತಿಯನ್ನು ಕುನ್ನತ್ತೂರು ಕಡೆಯಿಂದ ತರಿಸಿ, ಬೀಜ ಆಯ್ದು, ಎರಡು ದಿನ ಬಿಸಿಲಿಗೆ ಹಾಕಿ ತುಂಬುತ್ತೇನೆ, ಅದಕ್ಕೆ 14. ಎರಡೂವರೆ ದಿನದ ಕೂಲಿ 30. ಉಳಿದ ಒಂದು ರೂಪಾಯಿ ಬಸ್ಸಿಗೆ. ಕಣ್ಣಿಗೆ ಮಣಿ ಇಡುವುದಿಲ್ಲ, ಮಗು ಕಚ್ಚಿ ನುಂಗುತ್ತದೆ. ದಾರದಲ್ಲೇ ಕಣ್ಣು ತುಂಬುತ್ತೇನೆ, ಒಂದು ಜೊತೆ ಕಣ್ಣಿಗೆ ಅರ್ಧ ದಿನ ಹಿಡಿಯುತ್ತದೆ. ಹೊಲಿಯಲು ಕೂರುವಾಗ ಏಳು ಸೂಜಿ, ಏಳುವಾಗ ಏಳು ಸೂಜಿ ಎಣಿಸದೆ ಯಾವ ಗೊಂಬೆಯ ಹೊಟ್ಟೆಯನ್ನೂ ಮುಚ್ಚಿದವಳಲ್ಲ. ಕೊನೆಗೆ ಹಿಂಗಾಲಿನ ಒಳಬದಿಗೆ ನನ್ನ ಹೆಸರು, ಊರಿನ ಹೆಸರು ಕಸೂತಿ ಹಾಕಿದ ಬಟ್ಟೆಪಟ್ಟಿ ಹೊಲಿಯುತ್ತೇನೆ.

ದಿನಾಂಕ 6-10-1986 ಸೋಮವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ದೇವರಾಜನ್ ಎಂಬುವರು ನಮ್ಮ ಮನೆಗೆ ಬಂದರು. ವಯಸ್ಸು ಸುಮಾರು 45. ಆಟದ ಸಾಮಾನುಗಳ ಸಗಟು ವ್ಯಾಪಾರಿ ಎಂದು ಹೇಳಿಕೊಂಡರು. ಅದಕ್ಕೆ ಮುಂಚೆ ನನಗೆ ಅವರ ಪರಿಚಯವಿರಲಿಲ್ಲ. ಬೆಂಗಳೂರಿನ ಒಂದು ಅಂಗಡಿಗೆ ನನ್ನ ಕರುಗಳು ನೂರು ಬೇಕೆಂದೂ, ಆದರೆ 65 ರೂಪಾಯಿ ತಮಗೆ ಕಟ್ಟುವುದಿಲ್ಲವೆಂದೂ ಹೇಳಿದರು. ಕಡಿಮೆ ಮಾಡಲಾಗದು ಎಂದೆ. ಆಗ ಅವರು ಹೊರಗಿನ ಬಟ್ಟೆಯ ಚರ್ಮ ಮಾತ್ರ ಹೊಲಿದುಕೊಡಿ, ಹೊಟ್ಟೆಯಲ್ಲಿ ನಾಲ್ಕು ಬೆರಳು ತೆರೆದು ಬಿಡಿ, ಹತ್ತಿ ತುಂಬುವುದನ್ನು ನಮ್ಮ ಗೋಡೌನಿನಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದರು. ಬಟ್ಟೆ ಅವರದು, ಒಂದಕ್ಕೆ ಕೂಲಿ 18 ರೂಪಾಯಿ. ಬೂರುಗದ ಹತ್ತಿಯನ್ನೇ ತುಂಬುತ್ತೀರಾ ಎಂದು ಕೇಳಿದೆ. ಮತ್ತೇನು ಮಣ್ಣು ತುಂಬುತ್ತೇನಾ ಎಂದು ನಕ್ಕರು. ನನ್ನ ಹೆಸರಿನ ಪಟ್ಟಿ ಮಾತ್ರ ಇರಲೇಬೇಕು ಎಂದರು. ಒಪ್ಪಿದೆ. ಮನೆಯಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ನನ್ನ ಕರು ಬೆಂಗಳೂರಿನ ಅಂಗಡಿಯ ಗಾಜಿನೊಳಗೆ ನಿಲ್ಲುತ್ತದೆ ಎಂದು ಆಸೆಯಾಯಿತು. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಡಿಸೆಂಬರ್ 1ರಂದು 30, ಜನವರಿ 30ರಂದು 30, ಒಟ್ಟು 60 ಚರ್ಮಗಳನ್ನು ಅವರ ಆಳು ಬಂದು ತೆಗೆದುಕೊಂಡು ಹೋದನು. ಮೂರನೇ ಕಂತಿನ 20 ಸಿದ್ಧವಾದ ಮೇಲೆ ನಾಲ್ಕು ದಿನ ಕಾದರೂ ಆಳು ಬರಲಿಲ್ಲ. ಆದ್ದರಿಂದ ದಿನಾಂಕ 11-3-1987 ಬುಧವಾರ ಗಂಟು ಕಟ್ಟಿಕೊಂಡು ನಾನೇ ನಡೆದು ಹೋದೆ. ಗೋಡೌನು ನಮ್ಮ ಮನೆಯಿಂದ ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿ, ನೊಯ್ಯಲ್ ಹೊಳೆಯ ದಂಡೆಯಲ್ಲಿದೆ. ತಲುಪಿದಾಗ 10.40 ಗಂಟೆ.

ಬಾಗಿಲಿಗೆ ಇನ್ನೂ ಮೂವತ್ತು ಹೆಜ್ಜೆ ಇರುವಾಗಲೇ ವಾಸನೆ ಬಂತು. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಪಟ್ಟಡೆಗಳ ನೀರು ಹೊಳೆಗೆ ಬೀಳುತ್ತದೆ, ಆ ವಾಸನೆ ನನಗೆ ಗೊತ್ತು. ಇದು ಅದಲ್ಲ. ಹುಣ್ಣು ತೊಳೆಯುವ ಔಷಧಿಯ ವಾಸನೆ, ಅದರ ಅಡಿಯಲ್ಲಿ ಕೊಳೆತದ್ದರ ಸಿಹಿ ವಾಸನೆ. ಹಿತ್ತಲಲ್ಲಿ ಸುಮಾರು ಇಪ್ಪತ್ತಡಿ ಉದ್ದದ ಟಾರ್ಪಾಲಿನ ಮೇಲೆ ಹತ್ತಿ ಒಣಗಲು ಹಾಕಿದ್ದರು. ದೂರದಿಂದ ಬೆಳ್ಳಗೆ ಕಂಡಿತು. ಹತ್ತಿರ ಹೋದಾಗ ಕಂದು ಮತ್ತು ಹಳದಿ ಕಲೆಗಳು ಕಂಡವು. ಕೆಲವು ಉಂಡೆಗಳು ಅಂಟಿಕೊಂಡು ಗಟ್ಟಿಯಾಗಿದ್ದವು. ನಡುವೆ ಬ್ಯಾಂಡೇಜಿನ ತುಂಡುಗಳು, ಒಂದು ಕಡೆ ಮುರಿದ ಮೂಳೆಗೆ ಹಾಕುವ ಮಾವುಕಟ್ಟಿನ ಅಂಗೈ ಆಕಾರದ ಚೂರು ಇದ್ದವು. ಅದರ ಒಳಬದಿಗೆ ಕೂದಲು ಅಂಟಿತ್ತು. ಎಲ್ಲದರ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿದ್ದರೂ ನೊಣ ಮುತ್ತಿತ್ತು.

ಮೂಗಿಗೆ ಬಟ್ಟೆ ಕಟ್ಟಿಕೊಂಡ ಮೂವರು ಹೆಂಗಸರು ಆ ಹತ್ತಿಯನ್ನು ಬಿಡಿಸುತ್ತಿದ್ದರು. ಅವರಲ್ಲಿ ಹಿರಿಯಳು ಸಾಮಿಯಾತಾಳ್, ವಯಸ್ಸು ಸುಮಾರು 60, ಒಕ್ಕಲಿಗರ ಮನೆಯವಳು. ನಾನು ಬಾಯಿತಪ್ಪಿ ಕನ್ನಡದಲ್ಲಿ ಅಯ್ಯೋ ಶಿವನೇ ಎಂದದ್ದು ಕೇಳಿ ಆಕೆಯೂ ಕನ್ನಡದಲ್ಲೇ ಮಾತನಾಡಿದಳು. ಇದು ಆಸ್ಪತ್ರೆಯ ಹತ್ತಿ, ಹೂಳಲೆಂದು ಹಾಕಿದ್ದು, ಮಂಗಳವಾರ ಮಂಗಳವಾರ ಗಾಡಿಯಲ್ಲಿ ಬರುತ್ತದೆ ಎಂದಳು. ಯಾವ ಆಸ್ಪತ್ರೆ ಎಂದು ಆಕೆಗೂ ಗೊತ್ತಿರಲಿಲ್ಲ. ಸಾಹೇಬರು ಆಕೆಯ ಮಾತನ್ನು ಇದ್ದ ಹಾಗೆಯೇ ಬರೆಸಲು ಹೇಳಿದ್ದರಿಂದ ಬರೆಸುತ್ತೇನೆ: "ಮೂಸಬ್ಯಾಡ ಅಮ್ಮಣಿ, ಆಚೆ ನಿಲ್ಲು. ನಮ್ಗೆ ಪಳಗೋಯ್ತು. ಮನೇಗೆ ಹೋಗಿ ಮೂರು ದಪ ಕೈ ತೊಳೆದ್ರೂ ಅನ್ನ ಇಳಿಯಾಕಿಲ್ಲ."

ಗೋಡೆಯ ಪಕ್ಕದಲ್ಲಿ ತುಂಬಿ ಮುಗಿಸಿದ ಕರುಗಳನ್ನು ಸಾಲಾಗಿ ನಿಲ್ಲಿಸಿದ್ದರು. 22 ಇದ್ದವು. ನಾನು ಹೊಲಿದ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಒಂದನ್ನು ಎತ್ತಿ ಹೊಟ್ಟೆ ಒತ್ತಿದೆ. ಒಳಗೆ ತಣ್ಣಗೆ ಹಸಿಯಾಗಿತ್ತು. ಅದನ್ನು ಕೆಳಗಿಟ್ಟು ಗೋಡೆ ಹಿಡಿದು ವಾಂತಿ ಮಾಡಿದೆ.

ಸುಮಾರು 11 ಗಂಟೆಗೆ ದೇವರಾಜನ್ ಹೊರಗಿನಿಂದ ಬಂದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಜ್ಜಿ ಇತ್ತು. ಆ ವಾಸನೆಯ ನಡುವೆ ನಿಂತು ತಿನ್ನುತ್ತಲೇ ಮಾತನಾಡಿದರು. ನಾನು ಇದೇನು ಎಂದು ಕೇಳಿದ್ದಕ್ಕೆ, ಬ್ಲೀಚಿಂಗ್ ಪುಡಿ ಹಾಕಿದ್ದೇವೆ, ಬಿಸಿಲಿಗಿಂತ ದೊಡ್ಡ ಡಾಕ್ಟರ್ ಯಾರಿದ್ದಾರೆ ಎಂದರು. ಬೂರುಗದ ಹತ್ತಿಗೆ 14 ರೂಪಾಯಿ, ಇದಕ್ಕೆ ಒಂದೂವರೆ, ಲೆಕ್ಕ ನಿಮಗೇ ಗೊತ್ತಾಗುತ್ತದೆ ಎಂದರು. ಮಕ್ಕಳು ಇದನ್ನು ಬಾಯಿಗಿಡುತ್ತವೆ, ಅಪ್ಪಿಕೊಂಡು ಮಲಗುತ್ತವೆ ಎಂದೆ. ಹೊರಗಿನದನ್ನು ತಾನೇ ಬಾಯಿಗಿಡುವುದು, ಒಳಗಿನದನ್ನು ಯಾರು ನೋಡುತ್ತಾರೆ ಎಂದು ಹೇಳಿ, ಎಣ್ಣೆಯ ಬೆರಳುಗಳನ್ನು ಹತ್ತಿರವಿದ್ದ ಕರುವಿನ ಬೆನ್ನಿಗೆ ಒರೆಸಿದರು. ಇಷ್ಟು ದಿನ ಕಳೆದರೂ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಆ ಐದು ಬೆರಳೇ ಕಣ್ಣಿಗೆ ಬರುತ್ತವೆ.

ನನ್ನ ಹೆಸರಿನ ಪಟ್ಟಿಗಳನ್ನು ಬಿಚ್ಚಿಕೊಡಿ ಎಂದೆ. 38 ಕರುಗಳು ಆಗಲೇ ಲಾರಿಯಲ್ಲಿ ಬೆಂಗಳೂರಿಗೆ ಹೋಗಿವೆ ಎಂದರು. ಎದುರಿಗಿದ್ದ 22ರ ಪಟ್ಟಿಗಳನ್ನು ನಾನೇ ಸೊಂಟದ ಕತ್ತರಿಯಿಂದ ಕತ್ತರಿಸಿದೆ. ಅವರು ತಡೆಯಲಿಲ್ಲ, ನೋಡಿಕೊಂಡು ತಿನ್ನುತ್ತಿದ್ದರು. ಹೊತ್ತು ತಂದಿದ್ದ 20 ಚರ್ಮಗಳನ್ನು ಕೊಡದೆ ವಾಪಸು ತಂದೆ. ಮನೆಗೆ ಬಂದು ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡೆ.

ಅದೇ ದಿನ ಸಂಜೆ 6.30ಕ್ಕೆ ಗಂಡ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಪೊಲೀಸಿಗೆ ಹೇಳೋಣವೇ ಎಂದು ಕೇಳಿದೆ. ಅವರು, ಕರುವಿನ ಕಾಲಲ್ಲಿರುವುದು ದೇವರಾಜನ್ ಹೆಸರಲ್ಲ, ನಿನ್ನ ಹೆಸರು, ಠಾಣೆಯಲ್ಲಿ ಮೊದಲು ಕೂರಿಸುವುದು ನಿನ್ನನ್ನೇ ಎಂದರು. ನನಗೂ ಹೆದರಿಕೆಯಾಯಿತು. ಬೆಂಗಳೂರಿನ ಅಂಗಡಿಯ ಹೆಸರು ನನಗೆ ಗೊತ್ತಿತ್ತು, ದೇವರಾಜನ್ ಮೊದಲ ದಿನವೇ ಹೇಳಿದ್ದರು. ಹದಿನೈದು ಪೈಸೆಯ ಒಂದು ಕಾರ್ಡಿನಲ್ಲಿ ಯಾರ ಕೈಯಲ್ಲಾದರೂ ನಾಲ್ಕು ಸಾಲು ಬರೆಸಿ ಹಾಕಬಹುದಿತ್ತು. ಹಾಕಲಿಲ್ಲ. ನಲವತ್ತಾರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆ ದಿನಗಳಲ್ಲಿ ಬೇರೆಯವರಿಗೆ ಒಂದು ಆನೆ, ಎರಡು ನಾಯಿ ಹೊಲಿದುಕೊಟ್ಟೆ. ಊಟ ಮಾಡಿದೆ, ನಿದ್ದೆಯನ್ನೂ ಮಾಡಿದೆ.

ದಿನಾಂಕ 27-4-1987 ಸೋಮವಾರ ಬೆಳಿಗ್ಗೆ 9.20ಕ್ಕೆ ನಮ್ಮೂರ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಶಿವಲಿಂಗಂ ಅವರು ಬೆಂಗಳೂರಿನ ಸಬ್ ಇನ್ಸ್‌ಪೆಕ್ಟರ್ ಸಾಹೇಬರನ್ನು ಮನೆಗೆ ಕರೆತಂದರು. ಸಾಹೇಬರು ಕನ್ನಡದವರು. ಅವರ ಕೈಯಲ್ಲಿ ಅರಗಿನ ಮುದ್ರೆ ಹಾಕಿದ ಕಾಗದದ ಪೊಟ್ಟಣವಿತ್ತು. ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಇಬ್ಬರು ಪಂಚರ ಎದುರಿಗೆ ಅದನ್ನು ಬಿಚ್ಚಿದರು. ನನ್ನ ಕರು. ಒಂದು ಕಿವಿ ಹರಿದಿತ್ತು. ಕಾಲಲ್ಲಿ ನನ್ನ ಹೆಸರಿನ ಪಟ್ಟಿ ಇತ್ತು.

ಬೆಂಗಳೂರಿನಲ್ಲಿ ಏಪ್ರಿಲ್ 5ರಂದು ಮೂರು ವರ್ಷದ ಹೆಣ್ಣುಮಗುವಿಗೆ ಅದರ ತಾಯಿ ಈ ಕರುವನ್ನು ಕೊಡಿಸಿದ್ದರೆಂದೂ, ಏಪ್ರಿಲ್ 9ರಂದು ಮಗು ಅದನ್ನು ಅಪ್ಪಿ ಹಿಂಡಿದಾಗ ಕಿವಿಯೊಳಗಿದ್ದ ಮುರಿದ ಇಂಜೆಕ್ಷನ್ ಸೂಜಿ ಬಲಗೈ ನಡುಬೆರಳಿಗೆ ಹೊಕ್ಕಿತೆಂದೂ, ಕೀವು ಏರಿ 17ರಂದು ಆ ಬೆರಳನ್ನು ತೆಗೆಯಬೇಕಾಯಿತೆಂದೂ ಸಾಹೇಬರು ತಿಳಿಸಿದರು. ಅಂಗಡಿಯವರ ಬಳಿ ಸರಕು ಯಾರಿಂದ ಬಂತೆಂಬ ರಸೀದಿ ಇರಲಿಲ್ಲವಾದ್ದರಿಂದ ಪಟ್ಟಿಯ ಹೆಸರು ಹಿಡಿದು ಬಂದಿದ್ದಾಗಿ ಹೇಳಿದರು. ಬೆಲೆ ಎಷ್ಟು ಕೊಟ್ಟಿದ್ದರು ಎಂದು ನಾನು ಕೇಳಿದೆ. 95 ರೂಪಾಯಿ ಎಂದರು. ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಯ ಗೊಂಬೆಗಳೂ ಇದ್ದವಂತೆ. ಮಗು ಬಾಯಿಗಿಡುತ್ತದೆ, ಅಗ್ಗದ್ದು ಬೇಡ ಎಂದು ಆ ತಾಯಿ ಇದನ್ನೇ ಆರಿಸಿದರಂತೆ.

ಕರು ಯಾರದೆಂದು ಸಾಹೇಬರು ಕೇಳಿದರು. ಹೊಲಿಗೆ ನನ್ನದು, ತುಂಬಿದ್ದು ನನ್ನದಲ್ಲ ಎಂದೆ. ಎಲ್ಲ ಕಳ್ಳರೂ ಅರ್ಧ ಒಪ್ಪುತ್ತಾರೆ ಎಂದು ಅವರು ಹೇಳಿದರು. ಅವರು ಹಾಗೆ ಹೇಳಿದ್ದು ತಪ್ಪಲ್ಲ. ನಾನು ಕರುವನ್ನು ಮಗುಚಿ ಹೊಟ್ಟೆ ತೋರಿಸಿದೆ. ನಾನು ಮುಚ್ಚಿದರೆ ದಾರ ಹೊರಗೆ ಕಾಣುವುದಿಲ್ಲ, ಬಟ್ಟೆಯ ಬಣ್ಣದ ದಾರವನ್ನೇ ಹಾಕುತ್ತೇನೆ. ಇದರ ನಾಲ್ಕು ಬೆರಳಿನ ತೆರಪನ್ನು ಮೂಟೆ ಹೊಲಿಯುವ ದಪ್ಪ ಬಿಳಿ ಹುರಿಯಿಂದ ಎಳೆದು ಕಟ್ಟಿದ್ದರು. ಪಂಚರ ಎದುರಿಗೆ ಆ ಹುರಿಯನ್ನು ಕತ್ತರಿಸಲಾಯಿತು. ಠಾಣೆಯ ಮೇಜಿನ ಮೇಲೆ ಹತ್ತಿ ಬಿದ್ದ ಕೂಡಲೇ ಪಂಚರೊಬ್ಬರು ಎದ್ದು ಹೊರಗೆ ಹೋದರು. ಹತ್ತಿಯೊಳಗೆ ಗಾಯ ಹೊಲಿಯುವ ಕಪ್ಪು ದಾರದ ಗಂಟು, ಪ್ಲಾಸ್ಟರಿನ ತುಂಡು, ಒಂದು ಉಗುರು ಇದ್ದವು. ಉಗುರು ದೊಡ್ಡವರದು.

ಅನಂತರ ಮಾರ್ಚ್ 11ರಂದು ಕಂಡದ್ದನ್ನು ಹೇಳಿದೆ. ಅದೇ ದಿನ ಮಧ್ಯಾಹ್ನ 3.15ಕ್ಕೆ ಪೊಲೀಸರ ಜೊತೆ ಹೋಗಿ ಗೋಡೌನು ತೋರಿಸಿದೆ. ಟಾರ್ಪಾಲಿನ ಮೇಲೆ ಹೊಸ ಹತ್ತಿ ಹರಡಿತ್ತು. ಈ ಸಲ ಮೊಲಗಳನ್ನು ತುಂಬುತ್ತಿದ್ದರು, ನಾನು ಹೊಲಿದವಲ್ಲ. ದೇವರಾಜನ್ ಅವರು ನನ್ನ ಕಡೆ ಕೈ ತೋರಿಸಿ, ಈ ಹೆಂಗಸು ತನ್ನ ಮನೆಯಲ್ಲೇ ತುಂಬಿ ಮಾರಿದ್ದಾಳೆ, ಪಟ್ಟಿಯಲ್ಲಿ ಇವಳ ಹೆಸರೇ ಇದೆ, ನಾನು ಬರೀ ಲಾರಿಗೆ ಹಾಕಿದವನು ಎಂದರು. ಸಾಹೇಬರು ಕೆಲಸದ ಹೆಂಗಸರನ್ನು ಕೇಳಿದರು. ಇಬ್ಬರು ತಲೆ ಬಗ್ಗಿಸಿದರು. ಸಾಮಿಯಾತಾಳ್ ಎದ್ದು ಬಂದು ಎರಡೂ ಕೈಗಳನ್ನು ಸಾಹೇಬರ ಮುಂದೆ ಚಾಚಿದಳು. ಅಂಗೈಯಿಂದ ಮುಂಗೈವರೆಗೆ ಹುಣ್ಣಾಗಿತ್ತು. ಆ ಕರುಗಳನ್ನು ತುಂಬಿದ್ದು ಈ ಕೈಗಳೇ, ತುಂಬಿಸಿದ್ದು ಅಗೋ ಅವರು ಎಂದಳು. ಕೂಲಿ ಹೋದರೆ ಹೋಗಲಿ ಎಂದೂ ಹೇಳಿದಳು. ಬಿಳಿ ಹುರಿಯ ಉಂಡೆ ಮೂಲೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಸಾಹೇಬರು ಅದನ್ನು ಜಪ್ತಿ ಮಾಡಿದರು. ಜೀಪು ಹತ್ತುವಾಗ ದೇವರಾಜನ್ ಅವರು, ನೂರರಲ್ಲಿ ಒಂದು ಕೆಟ್ಟರೆ ಇಷ್ಟು ರಂಪವೇ ಎಂದರು. ನಾನು ಅವರ ಮುಖಕ್ಕೆ ಉಗಿಯಬೇಕೆಂದು ಎರಡು ಹೆಜ್ಜೆ ಮುಂದೆ ಹೋದೆ. ಉಗಿಯಲಿಲ್ಲ. ನಲವತ್ತಾರು ದಿನ ಸುಮ್ಮನಿದ್ದ ಬಾಯಿ ಅದು.

ಇಂದು ಈ ಹೇಳಿಕೆ ಬರೆಸುವಾಗ ಹೆಡ್ ಕಾನ್ಸ್‌ಟೇಬಲ್ ಶಿವಲಿಂಗಂ ಅವರು ನನ್ನ ಒಳ್ಳೆಯದಕ್ಕಾಗಿಯೇ, ಮಾರ್ಚ್ 11ರ ವಿಷಯ ಬಿಟ್ಟುಬಿಡಮ್ಮಾ, ನಿನ್ನೆಯಷ್ಟೇ ಗೊತ್ತಾಯಿತು ಎಂದರೆ ಸಾಕು, ಇಲ್ಲವಾದರೆ ಗೊತ್ತಿದ್ದೂ ಮುಚ್ಚಿಟ್ಟೆ ಎಂದು ನಿನ್ನ ಮೇಲೂ ಬರುತ್ತದೆ ಎಂದರು. ಬಿಡಬೇಡಿ, ಬರೆಯಿರಿ ಎಂದು ನಾನೇ ಹೇಳಿದ್ದೇನೆ. ನನ್ನ ಗಂಡ ಪಕ್ಕದಲ್ಲೇ ಇದ್ದರು. ಅವರೂ ಬರೆಯಿರಿ ಎಂದರು.

ಬೆಂಗಳೂರಿಗೆ ಹೋದ 38ರಲ್ಲಿ ಮಗುವಿನ ಮನೆಯದು ಒಂದು, ಅಂಗಡಿಯಲ್ಲಿ ಉಳಿದಿದ್ದು ಒಂಬತ್ತು, ಒಟ್ಟು ಹತ್ತು ಸಿಕ್ಕಿವೆ. 28 ಮಾರಾಟವಾಗಿವೆ. ಯಾರು ಕೊಂಡರೆಂದು ಅಂಗಡಿಯವರಿಗೆ ಗೊತ್ತಿಲ್ಲ. ಆ ಇಪ್ಪತ್ತೆಂಟು ಮನೆಗಳಲ್ಲಿ ಈ ಹೊತ್ತು ಮಕ್ಕಳು ಅವನ್ನು ಅಪ್ಪಿಕೊಂಡಿರಬಹುದು. ಆದ್ದರಿಂದ ಬೆಂಗಳೂರಿನ ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಬೇಕೆಂದು ಸಾಹೇಬರನ್ನು ಕೇಳಿಕೊಳ್ಳುತ್ತೇನೆ. ತಿರುಪ್ಪೂರಿನ ಹೆಂಗಸೊಬ್ಬಳು ಎಂದು ಹಾಕಬೇಡಿ. ಪಟ್ಟಿಯಲ್ಲಿರುವ ನನ್ನ ಹೆಸರನ್ನೇ ಹಾಕಿ, ಆ ಹೆಸರಿನ ಕರು ಮನೆಯಲ್ಲಿದ್ದರೆ ಮಗುವಿನ ಕೈಯಿಂದ ಕಿತ್ತುಕೊಳ್ಳಿ, ಅತ್ತರೂ ಕಿತ್ತುಕೊಳ್ಳಿ ಎಂದು ಬರೆಸಿ.

ನಾನು ಕನ್ನಡದಲ್ಲಿ ಹೇಳಿದ್ದನ್ನು ಸಾಹೇಬರು ಬರೆದುಕೊಂಡು ಎರಡು ಸಲ ಓದಿ ಕೇಳಿಸಿದರು. ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಎಲ್ಲವೂ ಇದರಲ್ಲಿ ಸರಿಯಾಗಿ ಬಂದಿದೆ. ಯಾರ ಬಲವಂತವೂ ಇಲ್ಲದೆ ರುಜು ಹಾಕಿದ್ದೇನೆ.

ಸ್ಥಳ: ತಿರುಪ್ಪೂರು
ದಿನಾಂಕ: 28-4-1987, ಬೆಳಿಗ್ಗೆ 11.50

(ತಮಿಳಿನಲ್ಲಿ ರುಜು)
ರಾಜಾಮಣಿ