ಸಾಬಮ್ಮನ ಮೂರು ದಿನ

...ನಿಂತು ಮೂರು ವರ್ಷ ಆಗ್ಯಾದಂತ! ಮೂರು ವರ್ಷ! ಆದ್ರೂ ತಿಂಗಳಾ ತಿಂಗಳಾ ಹೊರಗ ಕುಂತಾಳ ನೋಡು, ಆ ತಮ್ಮಣ್ಣನ ಹೆಂಡ್ತಿ ಸಾಬಮ್ಮ! ಏ ಜಯಮಾಲಾ, ಆ ಮೊರ ಕೆಳಗಿಡು. ಈ ಮನಿ ಸೊಸಿ ಆಗಿ ಇಪ್ಪತ್ತೆಂಟು ವರ್ಷ ಆಯ್ತು, ಅತ್ತಿ ಇಂಥಾ ಸುದ್ದಿ ತಂದಾಗ ಬ್ಯಾಳಿ ಹಸನ ಮಾಡಕೋತ ಕುಂತರ ಹ್ಯಾಂಗ? ತೊಗರಿಬ್ಯಾಳಿ ಎಲ್ಲೂ ಓಡಿ ಹೋಗಂಗಿಲ್ಲ.

ನಗ್ತಿ? ಇನ್ನಾ ಪೂರಾ ಕೇಳಿಲ್ಲ ನೀ, ಆಗಲೇ ನಗ್ತಿ!

ನಮ್ಮ ಓಣ್ಯಾಗ ಆ ಪದ್ಧತಿ ಇನ್ನಾ ನಡದದಲ್ಲ. ಮುಟ್ಟಾದಾಕಿ ಮೂರು ದಿನ ಒಲಿ ಮುಟ್ಟಬಾರ್ದು, ಕೊಡ ಮುಟ್ಟಬಾರ್ದು, ಬಾಗಲ ಹೊರಗ ಕುಂದ್ರಬೇಕು. ಸಾಬಮ್ಮಂದು ಐವತ್ತೊಂದಕ್ಕ ನಿಂತೇ ಹೋಯ್ತು. ಹೇಳಿದಳೇನು? ಇಲ್ಲವ್ವಾ! ತಿಂಗಳು ತುಂಬಿತಂದ್ರ ಚಾಪಿ ಹಿಡಕೊಂಡು ಹೊರಗ. ಬಾಗಲ ಮುಂದಿನ ಪರಸಿ ಕಲ್ಲಿನ ಮ್ಯಾಲ ಕಾಲು ಚಾಚಿ, ಎಲಿ ಅಡಕಿ ಬಾಯಾಗ, ಮೊಬೈಲ್ ಕೈಯಾಗ. ಒಳಗ ತಮ್ಮಣ್ಣ ಒಲಿ ಹೊಗಿ ಕುಡಕೋತ ರೊಟ್ಟಿ ಬಡಿತಾನ. ಮಹಾರಾಣಿ!

ಹ್ಯಾಂಗ ಸಿಕ್ಕಳಂತಿ? ಅದೇ ಮಜಾ ಇರೋದು. ನಿನ್ನಿ ಮುಂಜಾನಿ ಆಶಾ ಕಾರ್ಯಕರ್ತಿ ಬಂದಿದ್ದಳಲ್ಲ, ಆ ಲುಂಬಿನಿ. ನಲವತ್ತೈದು ದಾಟಿದ ಹೆಣ್ಮಕ್ಕಳ ಹೆಸರು ಬರಕೊಳ್ಳಾಕತ್ತಾಳ. ಬಿಪಿ ನೋಡ್ತಾಳ, ಶುಗರ್ ನೋಡ್ತಾಳ. ಸಾಬಮ್ಮಂದು ಎರಡನೇ ದಿನ, ಹೊರಗೇ ಕುಂತಾಳ. ‘ಕಾಕಿ, ಮುಟ್ಟು ನಿಂತದೇನ್ರಿ?’ ಅಂತ ಕೇಳಿದಳು ಹುಡುಗಿ. ಇಕಿ ಥಟ್ಟಂತ, ‘ಮೂರು ವರ್ಷಾತವ್ವಾ!’ ಸರಕಾರದ ಪುಸ್ತಕದಾಗ ಸುಳ್ಳು ಬರಸಬಾರ್ದಂತ ನೋಡು, ಸತ್ಯವಂತಿ!

ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತೇ ಬಿಟ್ಟಿತು.

ನಗು, ಈಗ ನಗು! ನಾನೂ ನಮ್ಮ ಬಾಗಲ ಸಂದ್ಯಾಗ ಸೆರಗು ಬಾಯಾಗ ತುರಕೊಂಡು ನಿಂತಿದ್ದೆ. ತಮ್ಮಣ್ಣ ಹೊರಗ ಬಂದ. ಎರಡೂ ಕೈ ಹಿಟ್ಟು. ಲುಂಬಿನಿ ಪೆನ್ನು ಎತ್ತಿ ಹಿಡದಾಳ, ಬರೀಬೇಕೋ ಬಿಡಬೇಕೋ ತಿಳೀವಲ್ಲದು. ಅಂವ ಆ ಹಿಟ್ಟಿನ ಬೆರಳು ಮಡಚಿ ಎಣಸಾಕತ್ತಿದ. ಮೂವತ್ತಾರು ತಿಂಗಳು, ತಿಂಗಳಿಗಿ ಮೂರರಂಗ ನೂರಾ ಎಂಟು ದಿನ! ಜಪ ಮಾಡಿದಂಗ ಎಣಸಿದ ನನ್ನಪ್ಪ!

ಆಕಿ ಅಂಜಿದಳೇನು? ಕೂದಲೂ ಅಲ್ಲಾಡಲಿಲ್ಲ. ‘ಮೂವತ್ತೆಂಟು ವರ್ಷ ಹೊಟ್ಟಿ ಹಿಡಕೊಂಡು ಕುಂತೆ, ಆಗ ಯಾಕ ಎಣಸಲಿಲ್ಲ? ಈಗ ಹೊಟ್ಟಿನೋವಿಲ್ಲ, ಅರಬಿ ತೊಳಿಯೂ ಕಾಟಿಲ್ಲ, ಬಸರಿನ ಅಂಜಿಕಿಲ್ಲ. ಕುಂತರ ಕುಂತ ಸುಖ ಈಗ ತಿಳೀತದ. ಇಷ್ಟು ದಿನ ಎಲ್ಲಾರ ಸಲುವಾಗಿ ಬದುಕಿದೆ, ಈ ವಯಸ್ಸು ನಂದು’ ಅಂದಳು. ಗಂಡನ ಮುಖಕ್ಕ! ಹಾಡೇ ಹಗಲ! ಲುಂಬಿನಿ ಬ್ಯಾರೆ ನಡುವ ಬಾಯಿ ಹಾಕಿದಳು. ಮೈ ಝಳಾ ಹೊಡಿಯೋದು, ನಿದ್ದಿ ಹೋಗೋದು, ಸಿಟ್ಟು ಬರೋದು ಎಲ್ಲಾ ಈ ಹೊತ್ತಿನಾಗ ಇರೋದೇ, ಇದು ರೋಗಲ್ಲರಿ ಕಾಕಾ, ಆರಾಮ ಬೇಕ್ರಿ ಅಂತ.

ಇವತ್ತ ಮುಂಜಾನಿ ತಮ್ಮಣ್ಣ ನನ್ನ ಕಡಿ ಬಂದಿದ್ದ. ‘ಯಂಕವ್ವಾ, ಓಣ್ಯಾಗ ನಿನಗಿಂತ ಹಿರ್ಯಾಕಿ ಯಾರಿಲ್ಲ. ಸಂಜಿಗಿ ನಮ್ಮನಿಗಿ ಬಾ. ಹೊರಗ ಕುಂದ್ರಬ್ಯಾಡ ಅಂತ ನೀ ಒಂದು ಮಾತು ಅಂದ್ರ ಸಾಕು. ಯಂಕವ್ವ ಹೇಳಿದಂಗ ಕೇಳ್ತೀನಂತ ಆಕೀನೂ ಒಪ್ಪ್ಯಾಳ’ ಅಂದ. ಬರ್ತೀನಂದೆ. ಈಗ ನಾ ಒಂದು ಮಾತು ಆಡಿದ್ರ ಆಕಿಯ ಮೂರು ದಿನದ ಆರಾಮ ಹೋದಂಗ. ಹೇಳಬೇಕಲ್ಲ ಮತ್ತ? ತಪ್ಪು ತಪ್ಪೇ. ಇಂಥಾ ಕಳ್ಳ ಬುದ್ಧಿ ಆಕಿಗಿ ಯಾರು ಕಲಿಸ್ಯಾರೋ ಏನೋ...

ಯಾಕ, ನಗು ಎಲ್ಲಿ ಹೋಯ್ತು?

ಏನ್ ಹಂಗ ನೋಡ್ತಿ? ನಾ ಯಾಕ ಕಲಿಸಲಿ ಆಕಿಗಿ? ನನಗ ಐವತ್ತೊಂಬತ್ತಕ್ಕ ನಿಂತದ್ದು, ನಿನಗ ಗೊತ್ತಿಲ್ಲೇನು? ನೀನೇ ಬಿಸಿನೀರು ಕಾಸಿ ಕೊಟ್ಟಾಕಿ. ನಮ್ಮ ತವರಮನ್ಯಾಗ ಹಂಗೇ, ಎಲ್ಲಾರಿಗೂ ತಡ. ಗಟ್ಟಿ ಮೈ ನಮ್ಮದು... ಹೂಂ ಅನ್ನು. ಹೂಂ ಅನ್ನಲಿಕ್ಕೂ ಬಾಯಿಲ್ಲೇನು?

...ಹಾಂ, ಐವತ್ತೊಂಬತ್ತು ಅಲ್ಲ, ಐವತ್ತಾರು ಇರಬೇಕು.

ಐವತ್ತನಾಲ್ಕು.

ಅಯ್ಯ, ನೋಡಬ್ಯಾಡ ಹಂಗ! ಐವತ್ತು... ಆಯ್ತವ್ವಾ, ನಲವತ್ತೆಂಟು! ನಲವತ್ತೆಂಟಕ್ಕ ನಿಂತದ್ದು! ಸಮಾಧಾನ ಆಯ್ತಾ?

ಗೊತ್ತಿತ್ತು ನಿನಗ. ಯಾವಾಗಿಂದ? ...ಮೊದಲಿಂದ? ಹೌದು ಬಿಡು. ಇಬ್ಬರೂ ಕೂಡೇ ಕಾಗಿಣಾ ಹೊಳಿಗಿ ಅರಬಿ ಒಗಿಲಿಕ್ಕ ಹೋಗ್ತಿದ್ವಿ, ನಿನಗ ತಿಳೀದಿರ್ತದೇನು? ಹನ್ನೊಂದು ವರ್ಷ! ಸೊಂಟದಾಗ ಒಂದು ಕೂಸು, ಸೆರಗಿಗಿ ಒಂದು ಕೂಸು, ಒಲಿ ಮ್ಯಾಲ ಹಂಚು. ನಾ ಹೊರಗ ಕುಂತು, ‘ಜಯಮಾಲಾ, ನೀರು! ಜಯಮಾಲಾ, ಚಾ!’ ತಂಬಗಿ ತುಂಬಿ ತಂದು ದೂರಿಂದ ಇಡ್ತಿದ್ದಿ. ಒಂದು ದಿನಾನೂ, ಅತ್ತಿ ಎದ್ದೇಳು ನಾಟಕ ಸಾಕು ಅನ್ನಲಿಲ್ಲ.

ಕಣ್ಣು ಒರಸ್ಕೊಂಡಿ ಯಾಕ? ಬೈಯಿ ಬೇಕಾದ್ರ. ಬೈಯಿ!

ಹೂಂ, ನಾನೇ ಕಲಿಸಿದೆ ಸಾಬಮ್ಮಗ. ಹೊಳಿ ದಂಡಿಗಿ ಕುಂತು ಅಳ್ತಿದ್ದಳು, ನಿಂತೋಯ್ತು ಯಂಕವ್ವಾ, ನನ್ನ ಕತಿ ಮುಗೀತು ಅಂತ. ‘ಹುಚ್ಚಿ, ಕಿರಿಕಿರಿ ಮುಗೀತಂತ ಪೇಡೆ ಹಂಚು. ಆದ್ರ ಬಾಯಿ ಮಾತ್ರ ಬಿಡಬ್ಯಾಡ, ಹಂಗೇ ಹೊರಗ ಕುಂದ್ರು’ ಅಂದೆ. ನಿನ್ನಿ ಗಂಡನ ಕೈಯಾಗ ಸಿಕ್ಕಿಬಿದ್ರೂ ನನ್ನ ಹೆಸರು ತೆಗಿಲಿಲ್ಲ ಪುಣ್ಯಾತಗಿತ್ತಿ. ಆಕಿಗಿ ಕಲಿಸಿದೆ, ನಿನಗ ಕಲಿಸಲಿಲ್ಲ. ಹೋದ ವರ್ಷ ನಿಂದು ನಿಂತಾಗ ಓಡಿ ಬಂದು ನನಗೇ ಹೇಳಿದಿ. ನಾ ಏನಂದೆ? ‘ಚಲೋ ಆಯ್ತು, ಇನ್ನ ತಿಂಗಳು ಮೂವತ್ತೂ ದಿನ ಒಲಿಗಿ ಸಿಗ್ತಿ’ ಅಂದೆ. ಅಂದೆನಲ್ಲ? ಈ ಬಾಯಿಲಿಂದೇ.

ಸಂಜಿಗಿ ನನ್ನ ಜೋಡಿ ನಡಿ. ತಮ್ಮಣ್ಣಗ ಹೇಳ್ತೀನಿ. ಸಾಬಮ್ಮ ಇನ್ನ ಹೊರಗ ಕುಂದ್ರಂಗಿಲ್ಲಪ್ಪಾ, ಒಳಗ ಕುಂದ್ರತಾಳ, ಫ್ಯಾನಿನ ಬುಡಕ. ನಿಂತದಂತ ಎಲ್ಲಾರಿಗೂ ಹೇಳೇ ಕುಂದ್ರತಾಳ. ಮೂರು ದಿನ ರೊಟ್ಟಿ ನಿಂದೇ. ಇದಕ್ಕ ಗುರು ನಾನೇ ಅಂತಾನೂ ಹೇಳ್ತೀನಿ. ನಗಲಿ ಓಣಿ! ಎಪ್ಪತ್ತೆರಡು ವರ್ಷದಾಕಿ, ಇಷ್ಟು ದಿನ ಎಲ್ಲಾರ ಸುದ್ದಿ ಹೇಳಕೋತ ಬಂದೀನಿ. ಇನ್ನೊಂದು ತಿಂಗಳು ನನ್ನ ಸುದ್ದಿ ಆಡಕೊಳ್ಳಲಿ, ಅವರ ಬಾಯಿಗೂ ರುಚಿ ಬೇಕಲ್ಲ.

ನೀ ಎಲ್ಲಿ ಎದ್ದಿ? ಅಡಗಿಮನಿಗಿ? ಕುಂದ್ರು! ಕುಂದ್ರಂದ್ರ ಕುಂದ್ರು! ಇವತ್ತ, ನಾಳಿ, ನಾಡದು. ಅಂಬರೇಶಾ! ಏ ಅಂಬರೇಶಾ! ಮೊಬೈಲ್ ಕೆಳಗಿಡು, ಹೆಂಡ್ತಿಗಿ ಜರಾ ಚಾ ಮಾಡು. ಏನು?... ಸಕ್ರಿ ಎಲ್ಲದ ಅಂತ ಕೇಳಾಕತ್ತಾನ! ಐವತ್ತೆರಡು ವರ್ಷದ ಗಂಡಸು, ಇದೇ ಮನ್ಯಾಗ ಹುಟ್ಟಿದಾಂವ!

ಶ್! ಬಾಯಿ ತೆಗೀಬ್ಯಾಡ ಜಯಮಾಲಾ. ಹುಡಕಲಿ.